ಹೊಲಿಯದೆ ಬಿಟ್ಟ ಮೂಲೆ

ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವುದರಲ್ಲಿ ಶೇವಂತಾಳನ್ನು ಮೀರಿಸುವವರು ಅಕ್ಕೋಳದಲ್ಲಿ ಇರಲಿಲ್ಲ. ಅಂಥ ಗಟ್ಟಿಗಿತ್ತಿ ಇವತ್ತು ನಿಪ್ಪಾಣಿಯ ಆಸ್ಪತ್ರೆಯಲ್ಲಿ, ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು, ಆಪ್ತ ಸಮಾಲೋಚಕಿ ನೀಲಮಳ ಮುಂದೆ ಕುಸಿದು ಕೂತಿದ್ದಳು. ರಕ್ತದಲ್ಲಿ ಎಚ್‌ಐವಿ ವೈರಸ್‌ನ ಎಣಿಕೆ ಮತ್ತೆ ಲಕ್ಷ ದಾಟಿತ್ತು.

ತಪ್ಪು ಯಾರದೆಂದು ಹೇಳುವುದು? ದಿನಾ ಗುಳಿಗೆ ನುಂಗುತ್ತಿದ್ದುದರಿಂದ ಹೋದ ವರ್ಷದ ವರದಿಯಲ್ಲಿ ‘ವೈರಸ್ ಕಂಡುಬಂದಿಲ್ಲ’ ಎಂದಿತ್ತು. ಅತ್ತೆ ಸೀತವ್ವನಿಗೆ ಅಷ್ಟು ಸಾಕಾಯಿತು. ಸೊಸೆಯನ್ನು ಮಂಗಸೂಳಿಯ ಗುಡಿಗೆ ಕರೆದೊಯ್ದು, ಮಲ್ಲಯ್ಯನಿಗೆ ಭಂಡಾರದ ಅರಿಶಿನ ತೂರಿ ಹರಕೆ ತೀರಿಸಿದಳು. ದೇವರು ಕಳೆದ ರೋಗಕ್ಕೆ ಇನ್ನೂ ಗುಳಿಗೆ ನುಂಗಿದರೆ ಅವನನ್ನು ನಂಬದಂತಾಗುತ್ತದೆ ಎಂದಳು. ಶೇವಂತಾಳಿಗೂ ಅದೇ ಬೇಕಿತ್ತು, ಪಾಪ. ಗುಳಿಗೆ ನಿಂತಿತು. ಬಸುರಾದ ಮೇಲೂ ತಿಂಗಳುಗಟ್ಟಲೆ ಅವಳು ಆಸ್ಪತ್ರೆಯತ್ತ ತಲೆ ಹಾಕಲಿಲ್ಲ.

“ಅಕ್ಕಾ, ಕಾಲ ಹಿಡೀತೀನ್ರಿ. ಮೈ ಸೀಳಿ ಆದ್ರೂ ಈ ರೋಗಾನ ತಗದ ಹಾಕ್ರಿ.”

“ತಗ್ಯಾಕ ಬರೂದಿಲ್ಲ ತಂಗಿ,” ಎಂದಳು ನೀಲಮ. “ವೈರಸ್ ಜೀವಕೋಶದಾಗ ಹೊಕ್ಕು ತನ್ನ ನಕಲು ಮಾಡ್ತೈತಿ. ಆಮ್ಯಾಲೆ ಅದರ ಕಿಣ್ವ ನಮ್ಮ ಡಿಎನ್‌ಎ ಕತ್ತರಿಸಿ, ಆ ನಕಲನ್ನ ನಡುವ ಸೇರಿಸಿ ಹೊಲದ ಬಿಡ್ತೈತಿ. ನೀ ಕೌದಿಗೆ ತುಂಡ ಹಚ್ಚಿದಂಗ.”

“ನಾ ಹಚ್ಚಿದ್ದನ್ನ ನಾನ ಬಿಚ್ತೀನಲ್ರಿ!”

“ಇದನ್ನ ಯಾರಿಗೂ ಬಿಚ್ಚಾಕ ಆಗಿಲ್ಲ. ಗುಳಿಗಿ ಹೊಸಾ ಹೊಲಿಗಿ ಬೀಳದಂಗ ಕಿಣ್ವದ ಕೈ ಕಟ್ಟತೈತಿ, ಅಷ್ಟ. ರಕ್ತದಾಗ ಸಿಗಲಿಲ್ಲ ಅಂದ್ರ ಮೈಯಾಗ ಇಲ್ಲಂತ ಅಲ್ಲ; ಗುಳಿಗಿ ಬಿಟ್ರ ಮತ್ತ ಏಳತೈತಿ.”

ಶೇವಂತಾ ತನ್ನ ಹೊಟ್ಟೆ ನೋಡಿಕೊಂಡಳು. “ಕೂಸಿಗೆ ಹತ್ತೇತೇನ್ರಿ?”

“ಈಗ ಹೇಳಾಕ ಬರೂದಿಲ್ಲ. ಇವತ್ತಿಂದ ಒಂದಿನಾನೂ ಗುಳಿಗಿ ತಪ್ಪಿಸಬ್ಯಾಡ. ಹುಟ್ಟಿದ ಮ್ಯಾಲೆ ಕೂಸಿಗೂ ಔಷಧ ಕೊಡ್ತೀವಿ, ಆರು ವಾರಕ್ಕ ರಕ್ತ ನೋಡ್ತೀವಿ.”

ಮನೆಯಲ್ಲಿ ಸೀತವ್ವ ಮೊಮ್ಮಗುವಿನ ಕೌದಿ ಹಿಡಿದು ಕೂತಿದ್ದಳು. ಒಂದು ಮೂಲೆ ಮಾತ್ರ ಉಳಿದಿತ್ತು. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಹೋಳಿಗೆಯ ಚೂರು ಒಳಗಿಟ್ಟು ಮುಚ್ಚುವುದು ಅವರ ಮನೆಯ ಪದ್ಧತಿ. ಹೋಳಿಗೆ ಮಾಡಿಟ್ಟು ಸೊಸೆಗಾಗಿ ಕಾಯುತ್ತಿದ್ದಳು. ಶೇವಂತಾ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿ, ಒಳಗೆ ಬಂದು ಅತ್ತೆಯ ಕೈಯಿಂದ ಸೂಜಿ ಕಸಿದುಕೊಂಡಳು.

“ಮುಚ್ಚಬ್ಯಾಡ್ರಿ ಅತ್ತಿ. ಕೂಸಿನ ರಿಪೋರ್ಟ್ ಬರೂತನಕಾ ಆ ಮೂಲಿ ಹಂಗ ಇರ್ಲಿ.”

ಸೀತವ್ವ ಕೌದಿ ಮಡಚಿಟ್ಟಳು. ಆಮೇಲೆ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದಳು.

“ಗುಳಿಗಿ ನುಂಗವಾ,” ಅಂದಳು.