ದೋಣಿಯೊಳಗಿನ ತೊಟ್ಟಿ, ತೊಟ್ಟಿ ಪಕ್ಕದ ನಾನು

ನಾವು ಮೀನು ಕೊಡುವ ಹೋಟೆಲಿನ ಅಡುಗೆಯವನಿಗೆ ಸತ್ತ ಮೀನು ಈಚೆಗೆ ಕಂಡರಾಗದು. ಬಾಣಲೆಯ ಹತ್ತಿರ ಬರುವ ತನಕ ಅದು ಉಸಿರಾಡುತ್ತಿರಬೇಕಂತೆ. ಹಾಗಾಗಿ ನಮ್ಮ ಪುಟ್ಟ ದೋಣಿಯಲ್ಲಿ ಮೀನನ್ನು ಜೀವಂತ ಇಡಲು ಒಂದು ತೊಟ್ಟಿ ಕೂರಿಸುವುದೆಂದು ನಮ್ಮವರು ತೀರ್ಮಾನಿಸಿದರು. ಕಟ್ಟಿಕೊಂಡ ಹೆಂಡತಿ ನನ್ನನ್ನು ಕೇಳಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಜಾಯಮಾನ ಅವರದು. ದೋಣಿ ರಿಪೇರಿಯ ಮೇಸ್ತ್ರಿ ಟೇಪು ಹಿಡಿದು ದಡಕ್ಕೆ ಬಂದಾಗಲೇ ನನಗೆ ವಿಷಯ ಗೊತ್ತಾದದ್ದು.

ಮೇಸ್ತ್ರಿ ವಿವರಿಸಿದ. ಪಂಪು ಕೆರೆಯ ನೀರನ್ನು ತೊಟ್ಟಿಗೆ ಎತ್ತುತ್ತಲೇ ಇರುತ್ತದೆ. ಹೆಚ್ಚಾದದ್ದು ಒಂದು ಕೊಳವೆಯಲ್ಲಿ ಹರಿದು, ದೋಣಿಯ ಪಕ್ಕದಲ್ಲಿ ಕೊರೆದ ತೂತಿನಿಂದ ಹೊರಗೆ ಹೋಗುತ್ತದೆ. ಆ ತೂತು ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು.

"ಅದಕ್ಕೇ ಇಬ್ಬರ ತೂಕ ಬೇಕು ಅಕ್ಕ. ತೊಟ್ಟಿ ತುಂಬಿದ್ರೆ ಅದೇ ಒಂದಾಳು ಭಾರ. ದೋಣಿ ತಡೆಯಲ್ಲ ಅನ್ನಿಸಿದ್ರೆ ಒಬ್ಬರು ದಡದಲ್ಲಿ ಉಳೀಬೇಕಾಗುತ್ತೆ."

ಆ ಒಬ್ಬರು ಯಾರೆಂದು ಕೇಳಬೇಕೇ? ಹುಟ್ಟು ಹಾಕುವವರು ಅವರು. ನಾನು ಬಲೆ ಎಳೆಯುವವಳು, ಮಾತಾಡುವವಳು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಆ ದೋಣಿಯಲ್ಲಿ ಕೂತಿದ್ದೇನೆ. ದಡದಲ್ಲಿ ಉಳಿದರೆ ನನಗೆ ಗತಿ ಅತ್ತೆ, ಅತ್ತೆಯ ಮಂಡಿನೋವು, ಆ ಮಂಡಿನೋವಿನ ಸವಿಸ್ತಾರ ಚರಿತ್ರೆ.

"ಐವತ್ತೆಂಟು ಕಿಲೋ," ಎಂದೆ.

ಪೂರ್ತಿ ಸುಳ್ಳಲ್ಲ. ಮದುವೆಯಾದ ಹೊಸದರಲ್ಲಿ ಅಷ್ಟೇ ಇದ್ದೆ. ಆಮೇಲೆ ತಕ್ಕಡಿಯ ಕಡೆಗೆ ನಾನಾಗಿ ಹೋದವಳಲ್ಲ. ಮೇಸ್ತ್ರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನೂ ಅವನನ್ನು ಹಾಗೇ ನೋಡಿದೆ. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಐವತ್ತೆಂಟೆಂದೇ ಬರೆದುಕೊಂಡ.

ಮೂರು ದಿನದಲ್ಲಿ ತೊಟ್ಟಿ ಬಂತು. ನಾನು ಕೂರುತ್ತಿದ್ದ ನಡುಹಲಗೆಯ ಜಾಗವನ್ನು ಅದೇ ಆಕ್ರಮಿಸಿತು. ನನಗೆ ಪಕ್ಕದಲ್ಲಿ, ಸರಿಯಾಗಿ ಆ ತೂತಿನ ಮೇಲೆ, ಒಂದು ಮೊಳದ ಹಲಗೆ ಸಿಕ್ಕಿತು. ಸವತಿ ಬಂದ ಮನೆಯಲ್ಲೂ ಹಿರಿಯವಳಿಗೆ ಇದಕ್ಕಿಂತ ಅಗಲದ ಜಾಗ ಕೊಡುತ್ತಾರೆ.

ಮೊದಲ ಬೆಳಿಗ್ಗೆ ಹನ್ನೊಂದು ಮೀನು ಸಿಕ್ಕವು, ಒಳ್ಳೇ ದಪ್ಪದವು. ತೊಟ್ಟಿಗೆ ಬಿಟ್ಟೆವು. ನಮ್ಮವರು ಪಂಪು ಹಾಕಿದರು. ನಾನು ಆರಾಮಾಗಿ ಒರಗಿದೆ. ದೋಣಿ ನನ್ನ ಕಡೆಗೆ ವಾಲಿತು, ತೂತು ನೀರೊಳಗೆ ಹೋಯಿತು. ಪಂಪು ಎತ್ತುವಷ್ಟು ನೀರು ಹೊರಗೆ ಹೋಗಲಿಲ್ಲ. ತೊಟ್ಟಿ ತುಂಬಿ ತುಳುಕಿತು. ಮೀನುಗಳು ಒಂದೊಂದಾಗಿ ಅಂಚು ದಾಟಿ ನನ್ನ ಕಾಲ ಬಳಿ ಈಜತೊಡಗಿದವು.

"ರೀ, ಪಂಪು ನಿಲ್ಸಿ."

ನಿಲ್ಲಿಸಿದರು. ಅಷ್ಟರಲ್ಲಿ ನೀರು ನನ್ನ ಮೀನಖಂಡದವರೆಗೆ ಬಂದಿತ್ತು. ನಾನು ಡಬ್ಬದಲ್ಲಿ ನೀರು ಮೊಗೆಮೊಗೆದು ಹೊರಗೆ ಚೆಲ್ಲಿದೆ. ನೀರಿನ ಜೊತೆ ಆರು ಮೀನುಗಳನ್ನೂ ಚೆಲ್ಲಿದೆ ಅಂತ ತಿಳಿದದ್ದು ದಡ ಸೇರಿದ ಮೇಲೆ.

ಕರೆಸಿದ ಮೇಲೆ ಬಂದ ಮೇಸ್ತ್ರಿ ದೋಣಿಯ ಮೈಮೇಲಿನ ಒದ್ದೆ ಗೆರೆಯನ್ನು ಬೆರಳಿಂದ ಅಳೆದ. "ನನ್ನ ಲೆಕ್ಕ ಸರಿಯಾಗೇ ಇದೆಯಲ್ಲ," ಎಂದ. ಯಾರ ಮೇಲೂ ಬೆರಳು ತೋರಿಸಲಿಲ್ಲ ಪಾಪ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬುದ್ಧಿ ನನ್ನದು.

"ನಾನು ಎಂಬತ್ತೊಂದು ಕಿಲೋ ಇದ್ದೀನಿ," ಎಂದೆ. "ಸುಳ್ಳು ಹೇಳ್ದೆ. ನನ್ನ ಇಳಿಸಿಬಿಡ್ತೀರ ಅಂತ ಭಯ ಆಯ್ತು."

"ಎಂಬತ್ತಾರು," ಎಂದರು ನಮ್ಮವರು.

ಮೇಸ್ತ್ರಿ ತಿರುಗಿ ನೋಡಿದ. "ನಿಮಗೆ ಗೊತ್ತಿತ್ತಾ ಅಣ್ಣ?"

"ದಿನಾ ಹುಟ್ಟು ಹಾಕೋನು ನಾನು. ಯಾವ ವರ್ಷ ಎಷ್ಟು ಏರಿದ್ಲು ಅಂತ ನನ್ನ ರಟ್ಟೆಗೆ ಗೊತ್ತು."

"ಗೊತ್ತಿದ್ದೂ ಅಲ್ಲಿ ತೂತು ಕೊರೆಸಿದ್ರಾ? ಅವತ್ತೇ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು?"

"ನೀವು ಇವಳನ್ನ ದಡದಲ್ಲಿ ಉಳಿಸಿ ಅಂತಿದ್ರಿ."

ಮೇಸ್ತ್ರಿ ಹಣೆ ಚಚ್ಚಿಕೊಂಡ. ಹೊಸ ತೂತು ಮೇಲೆ ಕೊರೆಯಬಹುದು, ಆದರೆ ಇಷ್ಟು ದೊಡ್ಡ ತೊಟ್ಟಿ, ಜೊತೆಗೆ ಇಬ್ಬರು, ಈ ದೋಣಿಯಲ್ಲಿ ಸಾಧ್ಯವೇ ಇಲ್ಲ ಎಂದ. ಯಾವುದಾದರೂ ಒಂದು ಕಡಿಮೆಯಾಗಲೇಬೇಕು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ. ಅಳು ಬಂದಿತ್ತು, ಅದನ್ನು ಅವನಿಗೆ ತೋರಿಸುವ ಮನಸ್ಸಿರಲಿಲ್ಲ.

"ತೊಟ್ಟಿ ಅರ್ಧ ಮಾಡಿ ಮೇಸ್ತ್ರಿ," ಎಂದರು ನಮ್ಮವರು. "ಇವಳನ್ನ ಅರ್ಧ ಮಾಡೋಕಾಗಲ್ಲ."