ಚಾವಣಿಯ ಮೇಲಿನ ಗಂಡಸು

ಅಲ್ಬೇನಿಯಾದ ನಮ್ಮ ಎಲ್ಬಸಾನ್ ಕಡೆ ಮನೆ ಅರ್ಧ ಮೇಲೆದ್ದ ಕೂಡಲೇ, ದೃಷ್ಟಿ ತಾಗದಿರಲಿ ಎಂದು ಚಾವಣಿಯ ಕಬ್ಬಿಣದ ಸರಳಿಗೆ ಹುಲ್ಲಿನ ಬೊಂಬೆ ಕಟ್ಟುತ್ತೇವೆ. ನಮ್ಮ ಮನೆ ಮಾತ್ರ ಬಹಳ ವರ್ಷಗಳಿಂದ ಅರ್ಧದಲ್ಲೇ ನಿಂತಿತ್ತು. ಗಂಡ ಜೆಲಾಲ್ ಗ್ರೀಸಿನಲ್ಲಿ ಕಂಡವರ ಮನೆಗೆ ಇಟ್ಟಿಗೆ ಕಟ್ಟುತ್ತಿದ್ದ. ಆಗಸ್ಟಿನಲ್ಲಿ ಬಂದು ನಮ್ಮದಕ್ಕೊಂದು ಸಾಲು ಏರಿಸಿ ಹೊರಟುಬಿಡುತ್ತಿದ್ದ. ಇವನಿಗೆ ಮನೆಯ ನೆನಪೇ ಇಲ್ಲವಲ್ಲ ಎಂಬ ಸಿಟ್ಟಿಗೆ ಅವನ ಮದುವೆಯ ಕೋಟನ್ನೇ ಬೊಂಬೆಗೆ ತೊಡಿಸಿದೆ. ನನಗೆ ಬೇಕಿದ್ದದ್ದು ಆ ಕೋಟಿನೊಳಗೆ ಇರಬೇಕಾದವನು.

ನವೆಂಬರಿನಲ್ಲಿ ರಾಜಧಾನಿ ತಿರಾನಾದಿಂದ ಎಲ್ವಾನಾ ಎಂಬ ಹುಡುಗಿ ಸಮೀಕ್ಷೆಗೆ ಬಂದಳು. ಏಳು ದೇಶಗಳಲ್ಲಿ ಯಾರ ಸಂಸಾರ ಎಷ್ಟು ಸುಖವಾಗಿದೆ ಎಂದು ಅಳೆಯುವುದು ಅವಳ ಕೆಲಸವಂತೆ. ಅಂಗಳದಲ್ಲಿ ಕಾಫಿ ಕುಡಿಯುತ್ತ ಮೇಲೆ ನೋಡಿದಳು.

"ಅವರು ಯಾರು?"

ಬೊಂಬೆ ಎಂದು ಬಾಯಿಬಿಟ್ಟರೆ ಅದರ ಶಕ್ತಿ ಹೋಗುತ್ತದೆ ಎಂಬುದು ನಮ್ಮತ್ತೆ ಹತಿಜೆಯ ನಂಬಿಕೆ. "ಮನೆ ಕಾಯೋನಮ್ಮ," ಎಂದರು. "ಹಗಲೂ ರಾತ್ರಿ ಅಲ್ಲೇ ಇರ್ತಾನೆ."

"ಊಟ?"

"ಕೇಳಿದ್ದೇ ಇಲ್ಲ. ಬಂಗಾರದಂಥ ಮನುಷ್ಯ."

ಎಲ್ವಾನಾ ಕೈಯಲ್ಲಿದ್ದ ಯಂತ್ರದಲ್ಲಿ ಅವನನ್ನೂ ಮನೆಯವರ ಲೆಕ್ಕಕ್ಕೆ ಒತ್ತಿಕೊಂಡಳು. ನಾನು ಮುಂದೆ ಬಂದು, "ನನ್ನ ಗಂಡನ್ನೂ ಸೇರಿಸ್ಕೊಳಮ್ಮ, ಜೆಲಾಲ್ ಅಂತ," ಎಂದೆ.

"ಇಲ್ಲಿ ಮಲಗ್ತಾರಾ?"

"ಗ್ರೀಸಲ್ಲಿ."

"ಹಾಗಾದ್ರೆ ಅಲ್ಲಿಯೋರು ಎಣಿಸ್ಕೋತಾರೆ ಬಿಡಿ."

ಅಲ್ಲಿಯವರೂ ಎಣಿಸಿರಲಿಲ್ಲ. ಅವನು ಮಲಗುವುದು ಇನ್ನೂ ಬಾಗಿಲು ಕೂರಿಸದ ಕಟ್ಟಡದಲ್ಲಿ. ಅದು ಮನೆಯೆಂದು ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ನನ್ನ ಗಂಡ ಎರಡು ದೇಶಕ್ಕೂ ಇಲ್ಲವಾದ, ಅವನ ಕೋಟು ಅಲ್ಬೇನಿಯಾದ ಪ್ರಜೆಯಾಯಿತು. ನನಗೆ ಹೊಟ್ಟೆ ಉರಿದುಹೋಯಿತು.

ಊಟವಿಲ್ಲದ, ಕಾಲಿಗೆ ಜೋಡಿಲ್ಲದ, ಬಯಲಲ್ಲಿ ಮಲಗುವ ಗಂಡಸಿದ್ದ ಮೇಲೆ ಕೇಳಬೇಕೆ? ನಮ್ಮ ಸಂಸಾರ ಏಳು ದೇಶಕ್ಕೂ ಕಡೆಯದಾಯಿತು. ನೆರವೆಂದು ಕಬ್ಬಿಣದ ಒಲೆ ಬಂತು, ಟ್ರಾಕ್ಟರ್ ತುಂಬ ಸೌದೆ ಬಂತು. ಒಬ್ಬ ಡಾಕ್ಟರು ಏಣಿ ಹತ್ತಿ ಬೊಂಬೆಯ ನಾಡಿ ಹಿಡಿದು, ನಿಶ್ಶಕ್ತಿ, ಚೆನ್ನಾಗಿ ತಿನ್ನಲಿ ಎಂದು ಹೇಳಿ ಹೋದರು. ಊರವರು ಸುಮ್ಮನಿರುತ್ತಾರೆಯೇ? ಹಿಮ ಕರಗುವಷ್ಟರಲ್ಲಿ ಒಂದೊಂದು ಚಾವಣಿಯ ಮೇಲೂ ಬೊಂಬೆಗಳ ತುಂಬು ಕುಟುಂಬ. ವಲಸೆ ನಿಂತಿದೆ, ಗಂಡಸರು ಹಳ್ಳಿಗೆ ಮರಳುತ್ತಿದ್ದಾರೆ ಎಂದು ಮಂತ್ರಿಗಳು ಟಿವಿಯಲ್ಲಿ ಕಣ್ಣೊರೆಸಿಕೊಂಡರು.

ಆಗಸ್ಟಿನಲ್ಲಿ ಜೆಲಾಲ್ ಬಂದ. ಅವನ ಬೆನ್ನಿಗೇ ಎಲ್ವಾನಾ ಬಂದಳು.

"ಇವರು ಯಾರು?"

ಗಂಡ ಎಂದರೆ ದುಡಿಯುವ ಕೈ ಸೇರಿತೆಂದು ಒಲೆ ವಾಪಸು ಹೋಗುತ್ತಿತ್ತು. ಅತ್ತೆಯೇ "ನೆಂಟರು" ಎಂದುಬಿಟ್ಟರು.

ನೆಂಟರೆಂದ ಮೇಲೆ ಮರ್ಯಾದೆ ಮಾಡಬೇಕಲ್ಲ. ಒಲೆಯ ಪಕ್ಕದ ಒಳ್ಳೆಯ ಜಾಗದಲ್ಲಿ ಕೂರಿಸಿ, ಮೊದಲ ಲೋಟ ರಾಕಿ ಮದ್ಯ ಅವನಿಗೇ ಬಗ್ಗಿಸಿ, ದಾರಿ ಸುಖವಾಗಿತ್ತೇ ಎಂದು ಹೆತ್ತ ತಾಯಿಯೇ ಕೇಳಿದರು. "ಎಷ್ಟು ದಿನ ಇರ್ತೀರಿ?" ಎಂದಳು ಎಲ್ವಾನಾ. ಜೆಲಾಲ್ ಲೋಟ ಕೆಳಗಿಟ್ಟ.

ಅವಳು ಹೋದ ಮೇಲೆ ನನ್ನ ಕಡೆ ತಿರುಗಿದ. "ಮಿರ್ವೆತೆ, ಮೇಲಿರೋನು ಏನ್ ಕೆಲ್ಸ ಮಾಡ್ತಾನೆ?"

"ನೀನು ಮಾಡ್ದೇ ಇರೋ ಕೆಲ್ಸ. ಮನೇಲಿರ್ತಾನೆ."

ಅವನು ಏಣಿ ಹತ್ತಿದ. ಬೊಂಬೆಯನ್ನಿಳಿಸಿ ಕೋಟನ್ನು ತಾನು ತೊಟ್ಟ. ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ತನ್ನ ಕೆಲಸದ ಅಂಗಿ, ಟೋಪಿ ಬೊಂಬೆಗೆ ಹಾಕಿ, ಕೈಗೆ ಗಾರೆಯ ಕರಣೆ ಕಟ್ಟಿ, ಗ್ರೀಸಿನ ಬಸ್ಸಿಗೆ ಹೊತ್ತು ತಂದ.

"ಮಾತಾಡಲ್ವಾ ಇವ್ನು?" ಎಂದ ಕಂಡಕ್ಟರ್.

"ಮನೆ ಬಿಟ್ಟು ಹೋಗ್ತಿದಾನಪ್ಪ, ಪಾಪ," ಎಂದರು ಅತ್ತೆ.

ಹಾಗೆ ಕೂತು ಹೋಗುವ ಎಷ್ಟೋ ಗಂಡಸರನ್ನು ಕಂಡಿದ್ದ ಕಂಡಕ್ಟರ್ ಕಿಟಕಿ ಪಕ್ಕದ ಸೀಟು ಕೊಟ್ಟ.

ಈಗ ಜೆಲಾಲ್ ಹಗಲೆಲ್ಲ ಚಾವಣಿಯ ಮೇಲಿರುತ್ತಾನೆ. ಯಾರೂ ನೋಡದಾಗ ಗೋಡೆ ಏರಿಸುತ್ತಾನೆ. ಎಲ್ವಾನಾ ಮತ್ತೆ ಬಂದವಳು ಅವನತ್ತ ಕೈಬೀಸಿ, "ಮೈ ತುಂಬ್ಕೊಂಡಿದಾರೆ, ನಮ್ಮ ಯೋಜನೆ ಕೈಹಿಡೀತು," ಎಂದು ಸಂತೋಷಪಟ್ಟಳು.

ನಿನ್ನೆ ಗ್ರೀಸಿನ ಮೇಸ್ತ್ರಿಯ ಫೋನು ಬಂತು. ಎಲ್ಲ ಬಯಲಾಯಿತೆಂದುಕೊಂಡೆ.

"ನಿಮ್ಮ ಯಜಮಾನ್ರು ಈ ಸಲ ಬಹಳ ಸುಧಾರಿಸಿದಾರಮ್ಮ," ಎಂದ. "ಇಷ್ಟು ವರ್ಷ ಮನೆಗೆ ಹೋಗ್ತೀನಿ, ಮನೆಗೆ ಹೋಗ್ತೀನಿ ಅಂತ ದಿನಾ ತಲೆ ತಿಂತಿದ್ರು. ಈಗ ಆ ಮಾತೇ ಎತ್ತಲ್ಲ."

ಇದನ್ನು ಜೆಲಾಲ್ ನನಗೆ ಒಂದು ದಿನವೂ ಹೇಳಿರಲಿಲ್ಲ. ಫೋನಿಟ್ಟು, ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದೆ.

"ಇಳಿದು ಬಾ," ಎಂದು ಚಾವಣಿಯತ್ತ ಕೂಗಿದೆ. "ಊಟ ಆರ್ತಾ ಇದೆ."