ಬಿಡದೆ ಕೂಗಿದರೆ ಎಣ್ಣೆ

"ಕೇಳಿಸ್ತಾ ಇದೆಯಲ್ಲ, ಮೇಸ್ತ್ರಿ?" ಎಂದು ದರ್ಜಿಯಮ್ಮ ಸ್ಟೀರಿಂಗಿನಿಂದ ಕೈ ತೆಗೆಯದೆ ಕೇಳಿದಳು.

ಗ್ಯಾರೇಜಿನ ಮೇಸ್ತ್ರಿ ಕಿಟಕಿಯೊಳಗೆ ತಲೆ ತೂರಿಸಿ ನಿಂತಿದ್ದ. ಇಂಜಿನ್ನಿನ ಗುಡುಗುಡು ಕೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ಒರಗಿದ್ದ ಅವಳ ಗಂಡನ ಭಾರವಾದ ಉಸಿರಾಟವೂ ಕೇಳುತ್ತಿತ್ತು. ಅವಳು ಹೇಳುತ್ತಿದ್ದ ಕೂಗು ಮಾತ್ರ ಎಲ್ಲೂ ಇರಲಿಲ್ಲ.

"ಕೇಳಿಸ್ತು, ಕೇಳಿಸ್ತು" ಎಂದು ಅವನು ಗೋಣು ಆಡಿಸಿದ.

ಹೀಗೆ ಗೋಣು ಆಡಿಸುವುದನ್ನು ಅವನು ಕಲಿತು ಒಂದು ವರ್ಷದ ಮೇಲಾಗಿತ್ತು. ದಪ್ಪ ಸದ್ದುಗಳೆಲ್ಲ ಮೊದಲಿನಂತೆಯೇ ಕಿವಿಗೆ ಬೀಳುತ್ತಿದ್ದವು. ಸಣ್ಣಗೆ ಚೂಪಾಗಿ ಬರುವವು ಒಂದೊಂದಾಗಿ ಹೇಳದೆ ಕೇಳದೆ ಊರು ಬಿಟ್ಟಿದ್ದವು. ಮೊದಲು ಗಡಿಯಾರದ ಅಲಾರಾಂ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಡತಿಯ ಅರ್ಧ ಮಾತು. ಅರ್ಧ ಮಾತು ಹೋದದ್ದು ಒಳ್ಳೆಯದೇ ಆಯಿತು ಎಂದು ಇನ್ನೊಬ್ಬರಾದರೆ ತಮಾಷೆ ಮಾಡಿಕೊಳ್ಳಬಹುದಿತ್ತು. ಇವನಿಗೆ ಅದಕ್ಕೂ ಧೈರ್ಯವಿರಲಿಲ್ಲ. ಊರೆಲ್ಲ ಅವನನ್ನು ಕರೆಯುತ್ತಿದ್ದುದೇ ಕಿವಿ ಮೇಸ್ತ್ರಿ ಎಂದು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ರೋಗ ಹೇಳುವವನು. ಆ ಕಿವಿಯೇ ಕೈಕೊಟ್ಟಿತೆಂದರೆ ಆಮೇಲೆ ಯಾರು ಬರುತ್ತಾರೆ?

ಈ ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದಿತ್ತು. ಬಾಗಿಲು ಸರಿಯಾಗಿ ಮುಚ್ಚಿರದಿದ್ದರೆ ಅದು ಬಿಟ್ಟು ಬಿಟ್ಟು ಕೂಗುತ್ತದೆ. ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಬಿದ್ದುಹೋದರೆ ಬಿಡದೆ ಒಂದೇ ಸಮ ಕೂಗುತ್ತದೆ. ಹಾಗೆ ಕೂಗಿದರೆ ಆ ಕ್ಷಣವೇ ಗಾಡಿ ನಿಲ್ಲಿಸಬೇಕು. ಈ ವ್ಯತ್ಯಾಸವನ್ನು ಮೇಸ್ತ್ರಿ ದರ್ಜಿಯಮ್ಮನಿಗೆ ಹೇಳಿಕೊಟ್ಟಿರಲಿಲ್ಲ. ಎಲ್ಲ ಹೇಳಿಕೊಟ್ಟರೆ ಗಿರಾಕಿಗೆ ಮೇಸ್ತ್ರಿ ಯಾಕೆ ಬೇಕು? ಎಣ್ಣೆಯ ಕೆಂಪು ದೀಪದ ಬಲ್ಬು ಹೋಗಿ ಆರು ತಿಂಗಳಾಗಿತ್ತು. "ಕೂಗು ಇದೆಯಲ್ಲ, ದೀಪ ಯಾಕೆ ಬಿಡಿ" ಎಂದವನೂ ಅವನೇ.

ಬಿಟ್ಟು ಬಿಟ್ಟಾ, ಒಂದೇ ಸಮನಾ ಎಂದು ಒಂದೇ ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿಸ್ತು ಎಂದ ಬಾಯಲ್ಲಿ ಆ ಪ್ರಶ್ನೆ ಕೇಳುವುದು ಹೇಗೆ?

ಗಂಡ ಕೂತಿದ್ದ ಕಡೆಯ ಬಾಗಿಲು ಮೊದಲಿನಿಂದಲೂ ಸ್ವಲ್ಪ ಸಡಿಲ. ಮೇಸ್ತ್ರಿ ಅದನ್ನು ತೆಗೆದು ಧಡಾರನೆ ಹಾಕಿದ. "ಬಾಗಿಲಿಂದೇ ರಗಳೆ. ಈಗ ಹೊರಡಿ ನೋಡೋಣ."

ಅವಳು ಗೇರು ಹಾಕಿ ಆಕ್ಸಲರೇಟರ್ ಒತ್ತಿದಳು. ಮುಖ ಅರಳಿತು. "ಹಾಂ, ನಿಂತೇ ಹೋಯ್ತು! ನಿಮ್ಮ ಕಿವಿ ಕಿವಿನೇ ಬಿಡಿ." ವಾರಕ್ಕೆ ಮೂರು ಸಲ ಗಂಡನ ರಕ್ತ ಶುದ್ಧಿ ಮಾಡಿಸಲು ಅವಳು ಗುಡ್ಡದಾಚೆಯ ಆಸ್ಪತ್ರೆಗೆ ಹೋಗಬೇಕಿತ್ತು. ತಡವಾದರೆ ಮಶೀನು ಇನ್ನೊಬ್ಬರ ಪಾಲಾಗುತ್ತಿತ್ತು. ಕಾರು ರಸ್ತೆಗಿಳಿದು ತಿರುವಿನಲ್ಲಿ ಮರೆಯಾಯಿತು.

ಹತ್ತು ನಿಮಿಷ ಕಳೆದಿರಬಹುದು, ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಅವನ ಎದುರಿಗೆ ಬಂದು ನಿಂತು, ಗಟ್ಟಿಯಾಗಿ ಕೇಳಿದಳು: "ದರ್ಜಿಯಮ್ಮನ ಕಾರಿಗೇನಾಗಿದೆ? ಸಿಗ್ನಲ್ಲಲ್ಲಿ ನಿಂತಿತ್ತು. ಏನದು ಹಾಗೆ ಕಿರುಚ್ಕೊಳ್ಳೋದು?"

ಮೇಸ್ತ್ರಿ ಡಬ್ಬಿಗೆ ಚಾಚಿದ ಕೈ ಹಿಂದೆ ತೆಗೆದ. "ಬಿಟ್ಟು ಬಿಟ್ಟು ಕೂಗ್ತಿತ್ತಾ?"

"ಎಲ್ಲಿ ಬಿಡುತ್ತೆ! ಹಟ ಹಿಡಿದ ಮಗು ಥರ, ಒಂದೇ ಸಮ. ಗಾಡಿ ಹೊರಟ ಮೇಲೇನೇ ಬಾಯಿ ಮುಚ್ಚಿದ್ದು."

ಅವನು ಸರಕ್ಕನೆ ತಿರುಗಿದ. ಕಾರು ನಿಂತಿದ್ದ ಜಾಗಕ್ಕೆ ಹೋಗಿ ನೋಡಿದ. ನೆಲದ ಮೇಲೆ ಅಂಗೈಯಗಲದ ಕಪ್ಪು ಮಚ್ಚೆ ಇತ್ತು. ಬೆರಳಿಟ್ಟು ಉಜ್ಜಿದರೆ ಈಗಷ್ಟೇ ಸೋರಿದ ಎಣ್ಣೆ. ಎಣ್ಣೆ ಕಮ್ಮಿಯಾದ ಇಂಜಿನ್ನು ಓಡುವಾಗ ಹೇಗೋ ಸುಮ್ಮನಿರುತ್ತದೆ, ನಿಂತಾಗ ಅಳುತ್ತದೆ. ಪೂರ್ತಿ ಬತ್ತಿದ ಮೇಲೆ ಕಚ್ಚಿಕೊಂಡು ನಿಂತುಬಿಡುತ್ತದೆ. ಅದು ಗುಡ್ಡದ ಏರಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಎದ್ದು ನಿಲ್ಲಲಾರದ ಮನುಷ್ಯ ಒಳಗಿರುವಾಗ ಆದರೆ?

ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಗಾಡಿ ಓಡಿಸುವಾಗ ದರ್ಜಿಯಮ್ಮ ಫೋನು ಮುಟ್ಟುವವಳಲ್ಲ, ಅದಕ್ಕೆ ಅವನೇ ನಾಲ್ಕು ಜನರ ಮುಂದೆ ಅವಳನ್ನು ಹೊಗಳಿದ್ದ. ಎಣ್ಣೆಯ ಡಬ್ಬ, ಸ್ಪ್ಯಾನರು ಚೀಲಕ್ಕೆ ತುಂಬಿಕೊಂಡು ಬೈಕು ಹತ್ತಿದ. ಹತ್ತಿದವನು ಕಿಕ್ ಹೊಡೆಯದೆ ಕೂತ.

"ನೀನೂ ಬಾ" ಎಂದ.

"ನಾನ್ಯಾಕೆ?"

"ನಿನ್ನ ಕಿವಿ ಬೇಕು."

ಹೆಂಡತಿ ಅವನ ಮುಖವನ್ನೇ ನೋಡಿದಳು. ಅವಳಿಗೇನು ಗೊತ್ತಿರಲಿಲ್ಲವೇ? ಅಲಾರಾಂ ನಿಲ್ಲಿಸುತ್ತಿದ್ದವಳು ಅವಳೇ, ಈಚೆಗೆ ಎದುರಿಗೆ ಬಂದೇ ಮಾತಾಡುತ್ತಿದ್ದವಳೂ ಅವಳೇ. ಹಿಂದೆ ಕೂತು ಚೀಲವನ್ನು ಮಡಿಲಿಗೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಅವನು ನೆಲ ನೋಡುತ್ತಲೇ ಬೈಕು ಓಡಿಸಿದ. ಸಿಗ್ನಲ್ಲಿನ ಹತ್ತಿರ ನೆಲದ ಮೇಲೆ ಇನ್ನೊಂದು ಮಚ್ಚೆ, ಪೆಟ್ರೋಲ್ ಬಂಕಿನ ಮುಂದೆ ಮತ್ತೊಂದು. ಏರು ಶುರುವಾದ ಮೇಲೆ ಪ್ರತಿ ತಿರುವಿನಲ್ಲೂ ಜನ ಗುಂಪು ಕಟ್ಟಿ ನಿಂತಿರುತ್ತಾರೆ ಎಂದೇ ಅವನಿಗೆ ಅನ್ನಿಸುತ್ತಿತ್ತು. ಒಂದು ತಿರುವಿನಲ್ಲಿ ನಿಜಕ್ಕೂ ನಾಲ್ಕು ಜನ ನಿಂತಿದ್ದರು. ಅವರು ಬಸ್ಸಿಗೆ ಕಾಯುವವರು. ಅವರ ಮೇಲೆ ಅವನಿಗೆ ವಿನಾಕಾರಣ ಸಿಟ್ಟು ಬಂತು.

ಐದನೆಯ ತಿರುವಿನಾಚೆ ಕಾರು ಕಂಡಿತು. ಎತ್ತಿನ ಗಾಡಿಯ ವೇಗದಲ್ಲಿ ಏರುತ್ತಿತ್ತು. ಹತ್ತಿರವಾದಾಗ ಅವನ ಕಿವಿಗೂ ಒಂದು ಸದ್ದು ಬಿತ್ತು. ಟಕಟಕ, ಟಕಟಕ, ಕಬ್ಬಿಣ ಕಬ್ಬಿಣವನ್ನು ಕುಟ್ಟುವ ಸದ್ದು. ಬೈಕನ್ನು ಮುಂದೆ ಒಯ್ದು ಕೈ ಬೀಸಿದ. "ಆಫ್ ಮಾಡಿ! ಪಕ್ಕಕ್ಕೆ ತಗೊಂಡು ಇಂಜಿನ್ ಆಫ್ ಮಾಡಿ!"

ದರ್ಜಿಯಮ್ಮ ಇಳಿದು ನಿಂತಳು. "ಮತ್ತೆ ಕೂಗೋಕೆ ಶುರು ಮಾಡ್ತು. ಬಾಗಿಲು ಅಂದಿದ್ರಲ್ಲ, ಎರಡು ಸಲ ಇಳಿದು ಬಾಗಿಲು ಹಾಕ್ದೆ."

ಮೇಸ್ತ್ರಿ ಬಾನೆಟ್ ಎತ್ತಿದ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ, ತುದಿಯಷ್ಟೇ ಒದ್ದೆ. ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದು ಸಡಿಲಾಗಿದ್ದ ಬೋಲ್ಟನ್ನು ಬಿಗಿ ಮಾಡಿದ. ಬಿಸಿ ಎಣ್ಣೆ ತೊಟ್ಟಿಕ್ಕಿ ಮಣಿಕಟ್ಟು ಸುಟ್ಟಿತು, ಸುಡಲಿ ಅನ್ನಿಸಿತು. ಎದ್ದು ಡಬ್ಬದ ಎಣ್ಣೆಯನ್ನೆಲ್ಲ ಸುರಿದ. ಆಮೇಲೆ ಹೆಂಡತಿಯನ್ನು ಡ್ಯಾಶ್‌ಬೋರ್ಡಿನ ಹತ್ತಿರ ಕೂರಿಸಿ ಕೀ ತಿರುಗಿಸಿದ.

"ಕೂಗ್ತಿದೆ" ಎಂದಳು ಅವಳು.

ಶುರುವಾಗುವ ಮೊದಲು ಎಣ್ಣೆಗೆ ಒತ್ತಡವಿರುವುದಿಲ್ಲ, ಕೂಗಲೇಬೇಕು. ಇಂಜಿನ್ ಶುರು ಮಾಡಿದ. ಟಕಟಕ ಕ್ರಮೇಣ ಇಳಿದು ಗುಡುಗುಡು ಒಂದೇ ಉಳಿಯಿತು. ಅಷ್ಟು ಅವನಿಗೆ ತಿಳಿಯಿತು. ಮಿಕ್ಕಿದ್ದಕ್ಕೆ ಹೆಂಡತಿಯ ಮುಖ ನೋಡಿದ.

"ಈಗ?"

"ಇದೆ... ಇನ್ನೂ ಇದೆ... ಹಾಂ. ನಿಂತು ಹೋಯ್ತು."

ದರ್ಜಿಯಮ್ಮ ಇಬ್ಬರನ್ನೂ ನೋಡುತ್ತಿದ್ದಳು. ದಿನವೆಲ್ಲ ಸೂಜಿಯ ಕಣ್ಣಿಗೆ ದಾರ ಪೋಣಿಸುವ ಹೆಂಗಸು, ಅವಳ ಕಣ್ಣು ತಪ್ಪಿಸುವುದು ಸುಲಭವಲ್ಲ. "ಮೇಸ್ತ್ರಿ, ನಿಮಗೆ ಕೇಳಿಸ್ಲಿಲ್ವಾ?"

"ಇಲ್ಲಮ್ಮ. ಸಣ್ಣ ಸದ್ದು ಕೇಳಿಸಲ್ಲ. ವರ್ಷ ಆಯ್ತು."

"ಗ್ಯಾರೇಜಲ್ಲಿ ಕೇಳಿಸ್ತು ಅಂದ್ರಿ."

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಗೆ ಕೈ ಒರೆಸಿದ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ಹಿಂದಿನ ಸೀಟಿನಿಂದ ಗಂಡ ಏನೋ ಗೊಣಗಿದ. ಅವಳು ಗಡಿಯಾರ ನೋಡಿಕೊಂಡು ಸೀಟಿನಲ್ಲಿ ಕೂತಳು. "ಬಂದು ಮಾತಾಡ್ತೀನಿ" ಎಂದಳು. ಸಿಟ್ಟೋ ಮತ್ತೇನೋ ಅವನಿಗೆ ತಿಳಿಯಲಿಲ್ಲ.

"ಒಂದೇ ಸಮ ಕೂಗಿದ್ರೆ ಎಣ್ಣೆ ಅಂತ. ಅಲ್ಲೇ ನಿಲ್ಲಿಸ್ಬಿಡಿ" ಎಂದು ಅವನು ಕಿಟಕಿಗೆ ಬಗ್ಗಿ ಹೇಳಿದ. "ಬಿಟ್ಟು ಬಿಟ್ಟು ಕೂಗಿದ್ರೆ ಬಾಗಿಲು."

ಕಾರು ಏರು ಹತ್ತಿ ಕಣ್ಮರೆಯಾಗುವ ತನಕ ಇಬ್ಬರೂ ನಿಂತಿದ್ದರು. ಆಮೇಲೆ ಬೈಕು ತಿರುಗಿಸಿ ಇಳಿಜಾರಿನಲ್ಲಿ ಮೆಲ್ಲಗೆ ಬಿಟ್ಟ. ಎರಡು ತಿರುವು ದಾಟಿದ ಮೇಲೆ ಹೆಂಡತಿ ಬೆನ್ನ ಹಿಂದಿನಿಂದ ಏನೋ ಹೇಳಿದಳು. ಅಭ್ಯಾಸಬಲದಿಂದ ಅವನ ಗೋಣು ಆಡಿತು. ಆಡಿದ್ದು ಅರ್ಧಕ್ಕೇ ನಿಂತಿತು.

ಅವನು ಬೈಕನ್ನು ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡಿದ.

"ಕೇಳಿಸ್ಲಿಲ್ಲ" ಎಂದ. "ಇನ್ನೊಂದ್ಸಲ ಹೇಳು."

ಹೆಂಡತಿ ಮುಂದಕ್ಕೆ ಬಾಗಿ, ಅವನ ಕಿವಿಯ ಮೇಲೆ ಇಳಿಬಿದ್ದಿದ್ದ ಕೂದಲನ್ನು ಬೆರಳಿನಿಂದ ಹಿಂದೆ ಸರಿಸಿದಳು.